ಒಂದೇ ಮಿಕ್ಸರ್: ತಾಳಮದ್ದಳೆಗೂ ಆಗಬೇಕು, ಮನೆ ರೆಕಾರ್ಡಿಂಗಿಗೂ ಆಗಬೇಕು

ಹಂಚಿನಮನೆ (ಹೊಸನಗರ ಕಡೆ) – ಭಾನುವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಎರಡು ವರ್ಷ ಆಯ್ತು. ಬರೆಯುತ್ತಿರುವುದು ಇದೇ ಮೊದಲು.

ನಮ್ಮೂರ ದೇವಸ್ಥಾನದ ಚಂದ್ರಶಾಲೆಯಲ್ಲಿ ಮಳೆಗಾಲಕ್ಕೆ ನಾಲ್ಕೈದು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಆಗುತ್ತವೆ. ಇಷ್ಟು ವರ್ಷ ಪೇಟೆಯಿಂದ ಮೈಕ್‌ಸೆಟ್ ತರಿಸುತ್ತಿದ್ದೆವು. ಈ ಸಲ ಊರಿನ ಏಳೆಂಟು ಜನ ದುಡ್ಡು ಹಾಕಿ ಸ್ವಂತಕ್ಕೇ ತಗೊಂಡೆವು. 10 ಚಾನೆಲ್ ಮಿಕ್ಸರ್, ಯುಎಸ್‌ಬಿ ಇದೆ. ಆಂಪ್ಲಿಫೈಯರ್ ಒಳಗೇ ಇರುವ 12 ಇಂಚಿನ ಬಾಕ್ಸು ಎರಡು. ಡೈನಾಮಿಕ್ ಮೈಕು ನಾಲ್ಕು. ಮಿಕ್ಸರ್ ನಮ್ಮ ಮನೆಯಲ್ಲೇ ಇರುತ್ತದೆ. ಉಳಿದ ದಿನ ಸುಮ್ನೆ ಯಾಕೆ ಇಡಬೇಕು, ತಂಗಿ ಹಾಡುವುದನ್ನು ರೆಕಾರ್ಡ್ ಮಾಡೋಣ ಅಂತ ಒಂದು ಕಂಡೆನ್ಸರ್ ಮೈಕು ನನ್ನ ಖರ್ಚಿನಲ್ಲೇ ತಂದೆ.

ಮೊದಲ ಕೂಟ ನಿನ್ನೆ ಆಯ್ತು. ಮರ್ಯಾದೆ ಪೂರ್ತಿ ಹೋಗಲಿಲ್ಲ, ಸ್ವಲ್ಪದರಲ್ಲಿ ಉಳಿಯಿತು. ಪಾತ್ರಗಳ ಮಾತು ಹೇಳುವ ಅರ್ಥಧಾರಿಗಳದ್ದು ಹಿಂದಿನ ಸಾಲಿಗೆ ಕೇಳುವುದಿಲ್ಲ. ಏರಿಸಿದರೆ ಕೀಂ ಅಂತ ಕೂಗುತ್ತದೆ. ಸಂಧಾನಕ್ಕೆ ಬಂದ ಕೃಷ್ಣ ಬಾಯಿ ತೆಗೆದ ಕೂಡಲೇ ಕೂಗಿತು. ಕೌರವನ ಅರ್ಥ ಹೇಳುತ್ತಿದ್ದವರು, "ಸಂಧಾನಕ್ಕೆ ಬಂದವನು ಶಂಖವನ್ನು ಮನೆಯಲ್ಲೇ ಇಟ್ಟು ಬರಬೇಕಿತ್ತು" ಅಂದುಬಿಟ್ಟರು. ಸಭೆಯೆಲ್ಲ ನಕ್ಕಿತು. ನಾನು ಮಿಕ್ಸರಿನ ಹಿಂದೆ ತಲೆ ಬಗ್ಗಿಸಿ ಕೂತೆ.

ಯಾರೂ ಮಾತಾಡದೇ ಇದ್ದಾಗ ಬಾಕ್ಸಿನಲ್ಲಿ ಸುಯ್ ಅಂತ ಒಂದು ಸದ್ದು. ಅದರ ಅಡಿಯಲ್ಲಿ ಗುಂಯ್ ಅಂತ ಇನ್ನೊಂದು. ಎಲ್ಲಕ್ಕಿಂತ ಬೇಜಾರು ರೆಕಾರ್ಡಿಂಗಿನದು. ಯುಎಸ್‌ಬಿ ವಯರನ್ನು ಲ್ಯಾಪ್‌ಟಾಪಿಗೆ ಹಾಕಿ ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಇಡೀ ಪ್ರಸಂಗ ಹಿಡಿದಿದ್ದೆ. ಬೆಳಿಗ್ಗೆ ಕೇಳಿದರೆ ಪದ್ಯ ಹೇಳುವ ಭಾಗವತರು ಕಿವಿಯ ಒಳಗೇ ಕೂತು ಹಾಡುತ್ತಿದ್ದಾರೆ, ಚಂಡೆ ಪಕ್ಕದ ಊರಿನಲ್ಲಿ ಬಾರಿಸಿದ ಹಾಗಿದೆ. ಚಂದ್ರಶಾಲೆಯಲ್ಲಿ ಅದೇ ಚಂಡೆಗೆ ಕಿವಿ ಕಿತ್ತು ಬರುತ್ತಿತ್ತು!

ಮಿಕ್ಸರ್ ಬದಲಾಯಿಸಬೇಕಾ? ಅಥವಾ ಆಪರೇಟರನ್ನೇ ಬದಲಾಯಿಸಬೇಕಾ?

ಮೈಕ್‌ಸೆಟ್22 (ಶಿವಮೊಗ್ಗ) – ಭಾನುವಾರ, ರಾತ್ರಿ 9.50

ಎರಡೂ ಬೇಡ ಮಾರಾಯ್ರೆ. ನಾನು 22 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಮದುವೆ, ಆರ್ಕೆಸ್ಟ್ರಾ, ಯಕ್ಷಗಾನದ ಆಟ, ಚುನಾವಣೆ ಭಾಷಣ, ಎಲ್ಲ ಆಗಿದೆ. ಹೊಸ ಸೆಟ್ಟಿನ ಮೊದಲ ಕಾರ್ಯಕ್ರಮ ಯಾರದ್ದೂ ಚೆನ್ನಾಗಿ ಆಗಿಲ್ಲ.

ಎರಡು ವಿಷಯ ನೋಡಿ ಹೇಳಿ. ಬಾಕ್ಸಿನ ಹಿಂದೆ ಮೈಕ್, ಲೈನ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಯಾವ ಕಡೆಗಿದೆ? ಮಿಕ್ಸರಿನಲ್ಲಿ ಎಲ್ಲಕ್ಕಿಂತ ಮೇಲಿರುವ ಗೇನ್ ಎಷ್ಟಕ್ಕಿತ್ತು, ಕೆಳಗಿನ ಲೆವೆಲ್ ಎಷ್ಟಕ್ಕಿತ್ತು?

ಹಂಚಿನಮನೆ – ಭಾನುವಾರ, ರಾತ್ರಿ 10.05

ಟಾರ್ಚ್ ಹಿಡಿದು ನೋಡಿ ಬಂದೆ. ಸ್ವಿಚ್ ಮೈಕ್ ಕಡೆಗಿದೆ. ಮೈಕಿನ ಕಾರ್ಯಕ್ರಮ ತಾನೇ ಅಂತ ನಾನೇ ಹಾಗೆ ತಳ್ಳಿದ್ದೆ. ಗೇನ್ ಎಲ್ಲ ಒಂಬತ್ತು ಗಂಟೆಯ ಮುಳ್ಳಿನ ಹಾಗೆ ಎಡಕ್ಕಿತ್ತು. ಲೆವೆಲ್ ಪೂರ್ತಿ ಬಲಕ್ಕೆ. ಮೇನ್ ಅರ್ಧ.

ಮೈಕ್‌ಸೆಟ್22 – ಭಾನುವಾರ, ರಾತ್ರಿ 10.40

ಸುಯ್ ಅನ್ನುವುದು ಎಲ್ಲಿಂದ ಬಂತು ಅಂತ ಸಿಕ್ಕಿತು. ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಮಿಕ್ಸರ್ ಅದನ್ನು ಬೆಳೆಸಿ ಲೈನ್ ಮಟ್ಟಕ್ಕೆ ತರುತ್ತದೆ. ದೊಡ್ಡ ಸೆಟ್ಟುಗಳಲ್ಲಿ ಲೈನ್ ಅಂದರೆ +4 ಡಿಬಿಯು, ಸುಮಾರು 1.23 ವೋಲ್ಟ್. ನಿಮ್ಮ ಬಾಕ್ಸು ಮೈಕ್ ಸ್ಥಾನದಲ್ಲಿದ್ದರೆ ಬಂದದ್ದನ್ನು ಮಿಲಿವೋಲ್ಟ್ ಅಂದುಕೊಂಡು ಇನ್ನೊಮ್ಮೆ ಬೆಳೆಸುತ್ತದೆ. ಮಿಕ್ಸರಿನ ಒಳಗಿನ ಸಣ್ಣ ಗದ್ದಲವೂ ಜೊತೆಗೇ ಬೆಳೆಯುತ್ತದೆ. ಅದನ್ನು ಲೈನಿಗೆ ತಳ್ಳಿ. ಅರ್ಧ ಕಾಯಿಲೆ ಹೋಯಿತು.

ಉಳಿದ ಅರ್ಧ ಗೇನ್. ಗುಡ್ಡದ ಅಬ್ಬಿಯಿಂದ ನಿಮ್ಮ ಮನೆಗೆ ಪೈಪಿನಲ್ಲಿ ನೀರು ಬರುತ್ತದಲ್ಲ, ಹಾಗೇ ಇದು. ಮೇಲೆ ಪೈಪಿನ ಬಾಯಿಗೆ ನೀರು ಸರಿಯಾಗಿ ಕೂರಿಸದಿದ್ದರೆ ಅಂಗಳದ ನಲ್ಲಿ ಎಷ್ಟು ತಿರುಗಿಸಿದರೂ ಗಾಳಿಯೇ ಬರುವುದು. ಗೇನ್ ಅಂದರೆ ಅಬ್ಬಿ. ಲೆವೆಲ್ ಅಂದರೆ ನಲ್ಲಿ. ನೀವು ಅಬ್ಬಿ ಮುಚ್ಚಿ ನಲ್ಲಿ ಪೂರ್ತಿ ಬಿಟ್ಟಿದ್ದಿರಿ.

ಮುಂದಿನ ಸಲ ಹೀಗೆ ಮಾಡಿ. ಮೇನ್ ಪೂರ್ತಿ ಇಳಿಸಿ. ಒಂದು ಚಾನೆಲಿನ ಲೆವೆಲನ್ನು 0 ಅಂತ ಗುರುತಿರುವ ಜಾಗಕ್ಕೆ ಇಡಿ. ಅರ್ಥಧಾರಿಯನ್ನು ಕೂರಿಸಿ ಮಾತಾಡಿಸಿ. "ಹಲೋ ಹಲೋ ಮೈಕ್ ಟೆಸ್ಟಿಂಗ್" ಬೇಡ, ಅದನ್ನು ಎಲ್ಲರೂ ಸಂಕೋಚದಲ್ಲಿ ಹೇಳುತ್ತಾರೆ. ಯುದ್ಧಕ್ಕೆ ಕರೆಯುವ ಮಾತು ಹೇಳಿಸಿ! ಪಿಎಫ್‌ಎಲ್ ಗುಂಡಿ (ಆ ಒಂದು ಚಾನೆಲನ್ನು ಮಾತ್ರ ಮೀಟರಿಗೆ ಕಳಿಸುವುದು) ಇದ್ದರೆ ಒತ್ತಿ ಮೀಟರ್ ನೋಡಿ. ನಿಮ್ಮಂಥ ಸಣ್ಣ ಮಿಕ್ಸರಿನಲ್ಲಿ ಅದು ಇಲ್ಲದೇ ಇರಬಹುದು. ಆಗ ಬಾಕ್ಸು ಆರಿಸಿಕೊಂಡೇ ಮೇನನ್ನು 0ಕ್ಕೆ ತಂದು ಮೇನ್ ಮೀಟರನ್ನೇ ನೋಡಿ. ಮಾಮೂಲು ಮಾತಿಗೆ 0 ಹತ್ತಿರ ಆಡಬೇಕು, ಗಟ್ಟಿ ಮಾತಿಗೆ +6. ಕೆಂಪು ದೀಪ ಹತ್ತಲೇಬಾರದು. ಟೆಸ್ಟಿನಲ್ಲಿ ಸರಿಯಾಗಿ ಬಂದ ಮೇಲೂ ಒಂದು ಚೂರು ಹಿಂದಕ್ಕೆ ತಿರುಗಿಸಿ. ಜನ ಸೇರಿದ ಮೇಲೆ ಕಲಾವಿದರ ಆವೇಶ ಬೇರೆಯೇ.

ಹೀಗೆ ಒಂದೊಂದೇ ಚಾನೆಲ್. ಆಮೇಲೆ ಬಾಕ್ಸು ಹಚ್ಚಿ ಮೇನ್ ನಿಧಾನ ಏರಿಸಿ. ಹಚ್ಚುವಾಗ ಬಾಕ್ಸು ಕೊನೆಗೆ, ಆರಿಸುವಾಗ ಬಾಕ್ಸು ಮೊದಲು. ತಪ್ಪಿದರೆ ಧಡ್ ಅನ್ನುತ್ತದೆ, ಟ್ವೀಟರಿಗೆ ಪೆಟ್ಟು.

ಕೂಗಿನ ಬಗ್ಗೆ ನಾಳೆ ಬರೆಯುತ್ತೇನೆ. ಬೆಳಿಗ್ಗೆ ಗಾಡಿ ಲೋಡ್ ಮಾಡಬೇಕು.

ಆಗುಂಬೆ_ಘಾಟಿ – ಸೋಮವಾರ, ಬೆಳಿಗ್ಗೆ 7.30

ಗುಂಯ್ ಅನ್ನುವುದಕ್ಕೆ ಸುಲಭ ಔಷಧಿ ಇದೆ. ಮಿಕ್ಸರಿನ ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡಿ. ನಿಂತುಹೋಗುತ್ತದೆ. ನಾವು ಭಜನಾ ಮಂಡಳಿಯಲ್ಲಿ ಹಾಗೇ ಮಾಡಿಕೊಂಡಿದ್ದೇವೆ.

ಸೋಲ್ಡರ್‌ಕಡ್ಡಿ (ಭದ್ರಾವತಿ) – ಸೋಮವಾರ, ಬೆಳಿಗ್ಗೆ 8.04

ದಯವಿಟ್ಟು ಯಾರೂ ಮೇಲಿನ ಕೆಲಸ ಮಾಡಬೇಡಿ. ಘಾಟಿಯವರೇ, ಬೇಜಾರು ಮಾಡಿಕೊಳ್ಳಬೇಡಿ. ಆ ದಪ್ಪ ಪಿನ್ನೇ ಅರ್ಥಿಂಗ್. ಮಳೆಗಾಲ, ಒದ್ದೆ ಕಲ್ಲಿನ ನೆಲ, ಬರಿಗಾಲು, ಕೈಯಲ್ಲಿ ಲೋಹದ ಮೈಕು. ಒಳಗೆ ಒಂದು ವಯರ್ ಬಿಟ್ಟುಕೊಂಡು ಮಿಕ್ಸರಿನ ಲೋಹದ ಮೈಗೆ ತಾಗಿದರೆ 230 ವೋಲ್ಟ್ ಭಾಗವತರ ಮೂಲಕ ಭೂಮಿಗೆ ಇಳಿಯುತ್ತದೆ. ನಿಮ್ಮ ಮಂಡಳಿಯ ಪ್ಲಗ್ ಇವತ್ತೇ ಸರಿ ಮಾಡಿಸಿ.

ಹಂಚಿನಮನೆಯವರೇ, ನಿಮ್ಮದು ಅರ್ಥ್ ಲೂಪ್ ಇರಬೇಕು. ಒಂದು ಪರೀಕ್ಷೆ ಮಾಡಿ. ಗುಂಯ್ ಬರುತ್ತಿರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಸದ್ದು ನಿಂತರೆ ಅಲ್ಲೇ ಉತ್ತರ ಇದೆ. ಬಾಕ್ಸಿಗೆ ಒಂದು ಕಡೆಯ ಸಾಕೆಟ್ಟು, ಲ್ಯಾಪ್‌ಟಾಪಿಗೆ ಇನ್ನೊಂದು ಗೋಡೆಯ ಸಾಕೆಟ್ಟು. ಎರಡು ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಅದು ಯುಎಸ್‌ಬಿ ವಯರಿನ ಮೂಲಕ ಸುತ್ತು ಹೊಡೆಯುತ್ತದೆ. 50 ಹರ್ಟ್ಸ್ ಕರೆಂಟಿನ ಗುಂಗು ಹಾಗೇ ಬಾಕ್ಸಿಗೆ ಹೋಗುತ್ತದೆ. ಮಿಕ್ಸರು, ಬಾಕ್ಸು, ಲ್ಯಾಪ್‌ಟಾಪು ಎಲ್ಲಕ್ಕೂ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟು ಕೊಡಿ. ಆಗಲೂ ಬಂದರೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ.

ಬಾಕ್ಸಿಗೆ ಹೋಗುವ ವಯರ್ ಎಂಥದ್ದು? ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆದರೆ ಸರಿ. ಅದರಲ್ಲಿ 1 ಅರ್ಥ್, 2 ಮತ್ತು 3ರಲ್ಲಿ ಒಂದೇ ಸಿಗ್ನಲ್ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿದ ಗಲಾಟೆ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಕೀಬೋರ್ಡಿಗೆ, ಗಿಟಾರಿಗೆ ಹಾಕುವ ಒಂಟಿ ಪಿನ್ನಿನ ವಯರಿಗೆ ಆ ಅನುಕೂಲ ಇಲ್ಲ. ಐದಾರು ಮೀಟರಿಗಿಂತ ಉದ್ದ ಎಳೆಯಬೇಡಿ.

ಇದಕ್ಕೊಂದು ಕಥೆ ಇದೆ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್ ಅಂತ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ ಇತ್ತು. ಬಹಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಸೌಂಡ್ ನೋಡಿಕೊಳ್ಳಲು ಹೋಗಿದ್ದೆ. ಕೀಬೋರ್ಡಿನಿಂದ ಮಿಕ್ಸರಿಗೆ 20 ಮೀಟರ್ ಒಂಟಿ ವಯರ್ ಎಳೆದಿದ್ದೆ. ಗಣ್ಯರೊಬ್ಬರು ತೀರಿಕೊಂಡಿದ್ದರು ಅಂತ ಎಲ್ಲರೂ ಎದ್ದು ಮೌನಾಚರಣೆಗೆ ನಿಂತರು. ಬಾಕ್ಸಿನಿಂದ ಸಣ್ಣದಾಗಿ ಕೃಷಿ ಕಾರ್ಯಕ್ರಮ ಶುರುವಾಯಿತು. ವಯರೇ ಏರಿಯಲ್ ಆಗಿತ್ತು. ಮಾರನೇ ವಾರವೇ ಡಿಐ ಬಾಕ್ಸ್ ತಂದೆ, ಒಂಟಿ ವಯರಿನ ಸಿಗ್ನಲನ್ನು ಮೂರು ಪಿನ್ನಿನ ವಯರಿಗೆ ಹೊಂದಿಸುವ ಡಬ್ಬಿ. ಕೀಬೋರ್ಡಿನ ಪಕ್ಕದಲ್ಲೇ ಅದನ್ನಿಟ್ಟು ಅಲ್ಲಿಂದ ಮುಂದೆ ಎಕ್ಸ್‌ಎಲ್‌ಆರ್ ಎಳೆದರೆ ಇಂಥದ್ದೆಲ್ಲ ಇಲ್ಲ.

ಆಗುಂಬೆ_ಘಾಟಿ – ಸೋಮವಾರ, ಬೆಳಿಗ್ಗೆ 8.31

ಬೇಜಾರೇನಿಲ್ಲ. ಸಂಜೆ ಪ್ಲಗ್ ಬದಲಾಯಿಸುತ್ತೇನೆ. ಐದು ವರ್ಷ ಆ ಮೈಕು ಹಿಡಿದಿದ್ದೇನಲ್ಲ ಅಂತ ಈಗ ಕೈ ನಡುಗುತ್ತಿದೆ.

ಮೈಕ್‌ಸೆಟ್22 – ಸೋಮವಾರ, ಮಧ್ಯಾಹ್ನ 2.15

ಕೂಗಿನ ವಿಷಯ. ಬಾಕ್ಸಿನ ಸದ್ದು ಮೈಕಿಗೆ ಹೋಗಿ, ಮೈಕಿನಿಂದ ಮತ್ತೆ ಬಾಕ್ಸಿಗೆ ಬಂದು ಸುತ್ತುತ್ತಲೇ ಇದ್ದರೆ ಕೂಗು. ಇದಕ್ಕೆ ಮೊದಲ ಔಷಧಿ ಮಿಕ್ಸರಿನಲ್ಲಿ ಇಲ್ಲ, ನೆಲದ ಮೇಲೆ ಇದೆ. ಬಾಕ್ಸುಗಳು ಕಲಾವಿದರಿಗಿಂತ ಮುಂದೆ ಇರಬೇಕು, ಸಭೆಯ ಕಡೆ ತಿರುಗಿರಬೇಕು. ಚಂದ್ರಶಾಲೆ ಸಣ್ಣದು ಅಂತ ಹಿಂದಿನ ಗೋಡೆಗೆ ಒರಗಿಸಿ ಇಟ್ಟಿರುತ್ತೀರಿ, ಅಲ್ವಾ?

ಎರಡನೆಯದು ದೂರ. ಅರ್ಥಧಾರಿಗಳು ಚಕ್ಕಳಮಕ್ಕಳ ಹಾಕಿ ಕೂತು ಮೆಲ್ಲಗೆ ಹಿಂದಕ್ಕೆ ವಾಲುತ್ತಾರೆ. ಒಂದು ಗೇಣು ಇದ್ದ ಮೈಕು ಎರಡು ಗೇಣಾಗುತ್ತದೆ. ದೂರ ಎರಡರಷ್ಟಾದರೆ ಬಾಯಿಂದ ಬರುವ ಸದ್ದು 6 ಡೆಸಿಬಲ್ ಇಳಿಯುತ್ತದೆ. ಅದನ್ನು ತುಂಬಿಸಲು ನೀವು ಗೇನ್ ಏರಿಸುತ್ತೀರಿ, ಅದು ಕೂಗುತ್ತದೆ. ಕುಳ್ಳ ಸ್ಟ್ಯಾಂಡ್ ತಂದು ಮೈಕನ್ನು ಬಾಯಿಯ ಹತ್ತಿರಕ್ಕೇ ತಳ್ಳಿ. ಹಿರಿಯ ಕಲಾವಿದರು ಮೈಕನ್ನು ಪಕ್ಕಕ್ಕೆ ಸರಿಸುತ್ತಾರೆ. ಪದ್ಯ ನಡೆಯುವಾಗ ಹೋಗಿ ಮತ್ತೆ ಸರಿ ಮಾಡಿ ಬನ್ನಿ. ಈ ಕೆಲಸದಲ್ಲಿ ನಾಚಿಕೆ ಇಟ್ಟುಕೊಳ್ಳಬಾರದು.

ಮೂರನೆಯದು, ತೆರೆದಿರುವ ಮೈಕುಗಳ ಸಂಖ್ಯೆ. ಅದು ಎರಡರಷ್ಟಾದಾಗಲೆಲ್ಲ ಕೂಗುವ ಮುಂಚೆ ಸಿಗುವ ಸದ್ದು ಸುಮಾರು 3 ಡೆಸಿಬಲ್ ಕಡಿಮೆಯಾಗುತ್ತದೆ. ಭೀಷ್ಮ ಮಾತಾಡುವಾಗ ಕರ್ಣನ ಮೈಕು ಇಳಿಸಿ. ಪ್ರಸಂಗ ಗೊತ್ತಿರುವವನೇ ಮಿಕ್ಸರಿಗೆ ಕೂರಬೇಕು ಅನ್ನುವುದು ಅದಕ್ಕೇ.

ಇಷ್ಟಾದ ಮೇಲೆ ಗುಂಡಿಗಳು. ಮಾತಿನ ಚಾನೆಲ್‌ಗಳಲ್ಲಿ 80 ಅಥವಾ 100 ಹರ್ಟ್ಸಿನ ಲೋ ಕಟ್ ಒತ್ತಿ, ಅದಕ್ಕಿಂತ ಕೆಳಗಿನ ದಪ್ಪ ಸದ್ದು ಹೋಗುತ್ತದೆ. ಯಾರೂ ಇಲ್ಲದಾಗ ಮೇನನ್ನು ಕೂಗುವವರೆಗೆ ಮೆಲ್ಲಗೆ ಏರಿಸಿ. ಕೀಂ ಅಂದರೆ ಇಕ್ಯೂ ಗುಂಡಿಗಳಲ್ಲಿ (ಸದ್ದಿನ ತೆಳು ದಪ್ಪ ಹೊಂದಿಸುವವು) ಮಧ್ಯದ್ದನ್ನು ಸ್ವಲ್ಪ ಇಳಿಸಿ. ಸಣ್ಣ ಮಿಕ್ಸರಿನಲ್ಲಿ ಅದು ಸಾಮಾನ್ಯವಾಗಿ 2.5 ಕಿಲೋಹರ್ಟ್ಸ್ ಆಸುಪಾಸು ಇರುತ್ತದೆ. ಪೂರ್ತಿ ಇಳಿಸಿದರೆ ಮಾತೇ ಅರ್ಥ ಆಗುವುದಿಲ್ಲ, ನೆನಪಿಡಿ. ಎಕೋ ಹಾಕಲೇಬೇಡಿ. ಊರಿನ ಹಿರಿಯರು ಬಂದು "ಸ್ವಲ್ಪ ಎಕೋ ಬಿಡು ಮಾರಾಯ" ಅನ್ನುತ್ತಾರೆ. ಭಾಗವತರಿಗೆ ಬೇಕಾದರೆ ಒಂದು ಚಿಟಿಕೆ. ಅರ್ಥಕ್ಕೆ ಬೇಡ. ಕಲ್ಲಿನ ನೆಲ, ತಗಡಿನ ಮಾಡು, ಅಲ್ಲೇ ಬೇಕಾದಷ್ಟು ಎಕೋ ಇದೆ.

ಧೀಂಕಿಟ (ಸಾಗರ) – ಸೋಮವಾರ, ರಾತ್ರಿ 8.20

ಎಲ್ಲರೂ ಬಾಕ್ಸಿನ ಬಗ್ಗೆ ಹೇಳಿದರು. ಚಂಡೆ ಯಾಕೆ ಪಕ್ಕದ ಊರಿಗೆ ಹೋಯಿತು ಅಂತ ಯಾರೂ ಹೇಳಲಿಲ್ಲ. ನಾನು ಮದ್ದಳೆಯವನು. ಹಾಳಾದ ರೆಕಾರ್ಡಿಂಗ್ ನೂರಾರು ಕೇಳಿದ್ದೇನೆ, ಎಲ್ಲದರಲ್ಲೂ ಇದೇ ಕಥೆ.

ಸಭೆಗೆ ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟನ್ನೇ ನೀವು ಬಾಕ್ಸಿಗೆ ಕಳಿಸುತ್ತೀರಿ. ಅರ್ಥಧಾರಿಯ ಮಾತು ಕೇಳುವುದಿಲ್ಲ, ಏರಿಸುತ್ತೀರಿ. ಚಂಡೆ ಮೈಕಿಲ್ಲದೇ ಊರಿಗೆಲ್ಲ ಕೇಳುತ್ತದೆ, ಅದಕ್ಕೆ ಮೈಕೇ ಇಡುವುದಿಲ್ಲ. ಸಭೆಯಲ್ಲಿ ಕೂತವರ ಕಿವಿಯಲ್ಲಿ ಬಾಕ್ಸಿನ ಸದ್ದು, ನೇರ ಸದ್ದು ಎರಡೂ ಸೇರಿ ಸರಿಯಾದ ಪಾಕ ಆಗುತ್ತದೆ. ಯುಎಸ್‌ಬಿಗೆ ನೇರ ಸದ್ದು ಎಲ್ಲಿಂದ ಬರಬೇಕು? ಅದಕ್ಕೆ ಹೋಗುವುದು ಮೇನ್ ಮಾತ್ರ. ನಿಮ್ಮ ರೆಕಾರ್ಡಿಂಗಿನಲ್ಲಿ ಕೇಳುತ್ತಿರುವ ಚಂಡೆ ಭಾಗವತರ ಮೈಕಿಗೆ ಸೋರಿದ್ದು. ಅವರ ತಾಳವೂ ಅದರಲ್ಲೇ ಕಚ ಕಚ ಅನ್ನುತ್ತಿರಬೇಕು.

ಹಾಗಾಗಿ ರೆಕಾರ್ಡಿಂಗಿಗೆ ಬೇರೆಯೇ ಮಿಶ್ರಣ ಬೇಕು. ನಿಮ್ಮ ಮಿಕ್ಸರಿನಲ್ಲಿ ಮೇನ್ ಬಿಟ್ಟು ಬೇರೆ ಮಿಶ್ರಣ ಹೊರಗೆ ಕಳಿಸುವ ಆಕ್ಸ್ ಅಂತ ಒಂದು ಸಾಲು ಗುಂಡಿ ಇದೆಯಾ? ಪಕ್ಕದಲ್ಲಿ ಪ್ರೀ ಅಂತ ಪುಟ್ಟ ಸ್ವಿಚ್ ಇದೆಯಾ? ಪ್ರೀ ಒತ್ತಿದರೆ ಆ ಚಾನೆಲಿನ ಲೆವೆಲ್ ಇಳಿಸಿದ್ದರೂ ಆಕ್ಸಿಗೆ ಸಿಗ್ನಲ್ ಹೋಗುತ್ತದೆ. ಚಂಡೆಗೆ ಒಂದು ಮೈಕು ಇಡಿ. ಲೆವೆಲ್ ಪೂರ್ತಿ ಕೆಳಗೆ, ಆಕ್ಸ್ ಮೇಲೆ. ಬಾಕ್ಸಿನಲ್ಲಿ ಚಂಡೆ ಇಲ್ಲ, ರೆಕಾರ್ಡಿಂಗಿನಲ್ಲಿ ಇದೆ. ಆಕ್ಸ್ ಔಟಿನಿಂದ ಒಂದು ವಯರನ್ನು ರೆಕಾರ್ಡರಿನ ಲೈನ್ ಇನ್‌ಗೆ ಹಾಕಿ. ಚಂಡೆಯ ಮೈಕಿಗೆ ಗೇನ್ ಬಹಳ ಕಡಿಮೆ ಸಾಕು. ಜೋರು ಸಿಗ್ನಲನ್ನು ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ. ಚರ್ಮದಿಂದ ಒಂದೆರಡು ಅಡಿ ದೂರ ಇರಲಿ.

ಹಂಚಿನಮನೆ – ಸೋಮವಾರ, ರಾತ್ರಿ 9.02

ಇದು ತಲೆಗೇ ಹೊಳೆದಿರಲಿಲ್ಲ! ಪ್ರೀ ಸ್ವಿಚ್ ಇದೆ. ಆದರೆ ಲೆಕ್ಕ ಹಾಕಿದರೆ ಮೈಕೇ ಸಾಲುವುದಿಲ್ಲ. ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಐದು ಜನ ಅರ್ಥಧಾರಿಗಳು. ಚಾನೆಲ್ ಹತ್ತು ಇದ್ದರೂ ಮೈಕು ಸಿಗಿಸುವ ತೂತು ನಾಲ್ಕೇ. ಉಳಿದ ಆರಕ್ಕೆ ಮೈಕ್ ಹಾಕಿದರೆ ಸದ್ದೇ ಬರುವುದಿಲ್ಲ. ಹಾಳಾಗಿದೆಯಾ?

ಸೋಲ್ಡರ್‌ಕಡ್ಡಿ – ಸೋಮವಾರ, ರಾತ್ರಿ 9.10

ಹಾಳಾಗಿಲ್ಲ. ಅವು ಮೂರು ಜೊತೆ ಸ್ಟೀರಿಯೋ ಲೈನ್. ಶ್ರುತಿ ಪೆಟ್ಟಿಗೆ, ಮೊಬೈಲ್, ಕೀಬೋರ್ಡಿಗೆ. ನಾಲ್ಕು ಮೈಕು, ಆರು ಲೈನ್ ಸೇರಿಸಿ ಡಬ್ಬಿಯ ಮೇಲೆ ಹತ್ತು ಅಂತ ಅಚ್ಚು ಹಾಕುತ್ತಾರೆ. ಕೊಳ್ಳುವಾಗ ಮೈಕ್ ತೂತು ಎಣಿಸಬೇಕು. ಇನ್ನು ವೈ ವಯರ್ ಹಾಕಿ ಎರಡು ಮೈಕನ್ನು ಒಂದು ತೂತಿಗೆ ಸೇರಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಒಂದು ಮೈಕು ಇನ್ನೊಂದನ್ನು ತಿನ್ನುತ್ತದೆ.

ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಲೈನ್ ಔಟನ್ನು 5ನೇ ತೂತಿಗೆ, ಅಂದರೆ ಎಡದ್ದಕ್ಕೆ ಹಾಕಿ. ಅದಕ್ಕೊಂದು ಮೈಕು ವ್ಯರ್ಥ ಮಾಡಬೇಡಿ.

ತುಂಗಾಪಾನ – ಸೋಮವಾರ, ರಾತ್ರಿ 9.44

ಸುಮ್ನೆ ತಲೆನೋವು ಯಾಕೆ? ಡಿಜಿಟಲ್ ಮಿಕ್ಸರ್ ತಗೊಳ್ಳಿ. ಬೆಹ್ರಿಂಗರ್ ಎಕ್ಸ್‌ಆರ್18 ಥರದ್ದು ಆದರೆ 16 ಮೈಕ್ ಇನ್‌ಪುಟ್, ಯುಎಸ್‌ಬಿಯಲ್ಲಿ 18 ಟ್ರ್ಯಾಕ್ ಬೇರೆ ಬೇರೆಯಾಗಿ ಹೋಗುತ್ತದೆ. ಜೂಮ್‌ನ ಲೈವ್‌ಟ್ರ್ಯಾಕ್ ಆದರೆ ಲ್ಯಾಪ್‌ಟಾಪೂ ಬೇಡ, ಪ್ರತಿ ಚಾನೆಲೂ ಎಸ್‌ಡಿ ಕಾರ್ಡಿನಲ್ಲಿ ಬೇರೆಯಾಗಿ ಕೂರುತ್ತದೆ. ಮನೆಗೆ ಬಂದು ಆರಾಮಾಗಿ ಚಂಡೆ ಏರಿಸಿಕೊಳ್ಳಬಹುದು.

ಮೈಕ್‌ಸೆಟ್22 – ಸೋಮವಾರ, ರಾತ್ರಿ 10.30

ದುಡ್ಡಿದ್ದರೆ ಒಳ್ಳೆಯದೇ. ಆದರೆ ಮೊನ್ನೆ ತಾನೇ ಚಂದಾ ಎತ್ತಿದವರಿಗೆ ಇನ್ನೊಮ್ಮೆ ಚೀಟಿ ಹಿಡಿದು ಹೋಗಿ ಅನ್ನುತ್ತೀರಲ್ಲ! ಅಲ್ಲದೆ ಟ್ಯಾಬಿನಲ್ಲಿ ನಡೆಸುವ ಯಾವುದೇ ಮಿಕ್ಸರ್ ಆದರೂ ವಯರಿನಲ್ಲಿ ಸಂಪರ್ಕ ಮಾಡುವ ದಾರಿ ಇಟ್ಟುಕೊಳ್ಳಿ. ಜಾತ್ರೆಯಲ್ಲಿ ಸಾವಿರ ಮೊಬೈಲ್ ಸೇರಿದಾಗ ನನ್ನ ಟ್ಯಾಬು ವೈಫೈ ಬಿಟ್ಟಿತ್ತು. ಗಾಯಕಿಯ ಮೈಕು ಕೂಗುತ್ತಿದೆ, ನಾನು ಗಾಜು ತಿಕ್ಕುತ್ತಿದ್ದೇನೆ. ಕೈಗೆ ಸಿಗುವ ಗುಂಡಿಗೆ ಅದರದ್ದೇ ಬೆಲೆ ಇದೆ.

ನಾಲ್ಕರಲ್ಲೇ ಮಾಡಿ. ಭಾಗವತರಿಗೆ ಒಂದು, ಅರ್ಥಕ್ಕೆ ಮೂರು, ಇಬ್ಬರಿಗೆ ಒಂದರಂತೆ ನಡುವೆ ಇಡಿ. ಮದ್ದಳೆ ಆ ಸಣ್ಣ ಜಾಗಕ್ಕೆ ಮೈಕಿಲ್ಲದೇ ಕೇಳುತ್ತದೆ.

ಧೀಂಕಿಟ – ಸೋಮವಾರ, ರಾತ್ರಿ 10.41

ಮದ್ದಳೆಗೆ ಮೈಕು ಬೇಡ ಅಂದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಇರಲಿ. ಆ ಲೆಕ್ಕದಲ್ಲಿ ಆಕ್ಸಿಗೆ ಚಂಡೆಯ ಮೈಕು ಉಳಿಯುವುದಿಲ್ಲ. ಹಾಗಾದರೆ ಇನ್ನೊಂದು ದಾರಿ. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಸಭೆಯ ಮೂರನೇ ಸಾಲಿನ ಹತ್ತಿರ, ಫ್ಯಾನಿನ ಗಾಳಿ ಬಡಿಯದ ಕಡೆ, ತಲೆಗಿಂತ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಡಿ. ಅದು ಚಂಡೆ ಮದ್ದಳೆ ಹಿಡಿಯುತ್ತದೆ, ನಗುವನ್ನೂ ಹಿಡಿಯುತ್ತದೆ. ಮಾತು ಯುಎಸ್‌ಬಿಯಲ್ಲಿ ಬರುತ್ತದೆ. ಮನೆಯಲ್ಲಿ ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ಸೇರಿಸಿ. ಶುರುವಿಗೆ ಭಾಗವತರ ಮೈಕಿನ ಎದುರು ಒಂದು ಚಪ್ಪಾಳೆ ಹೊಡೆಯಿರಿ, ಹೊಂದಿಸಲು ಗುರುತಾಗುತ್ತದೆ.

ಶಬ್ದ ಒಂದು ಮೀಟರ್ ಬರಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ರೆಕಾರ್ಡರ್ 8 ಮೀಟರ್ ದೂರ ಇದ್ದರೆ ಚಪ್ಪಾಳೆ ಅಲ್ಲಿಗೆ 23 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಟ್ರ್ಯಾಕಿನ ಚಪ್ಪಾಳೆ ಒಂದೇ ಗೆರೆಗೆ ಬರುವ ಹಾಗೆ ಎಳೆಯಿರಿ, ಆ ತಡವೂ ಅದರಲ್ಲೇ ಸರಿಹೋಗುತ್ತದೆ. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಗಂಟೆ ಕಳೆದಂತೆ ಮತ್ತೆ ಜಾರುತ್ತದೆ. ಅರ್ಧ ಗಂಟೆಗೊಮ್ಮೆ ಕತ್ತರಿಸಿ ಹೊಂದಿಸಿ.

ಸೋಲ್ಡರ್‌ಕಡ್ಡಿ – ಸೋಮವಾರ, ರಾತ್ರಿ 10.58

ಫೈಲಿನ ಗಾತ್ರವನ್ನೂ ನೋಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ. ಮಾಮೂಲು ವೇವ್ ಫೈಲಿಗೆ 4 ಜಿಬಿ ಮಿತಿ. ಅಂದರೆ ನಾಲ್ಕು ಗಂಟೆ ಚಿಲ್ಲರೆಗೆ ತುಂಬುತ್ತದೆ. ತಾಳಮದ್ದಳೆ ಅಷ್ಟರಲ್ಲಿ ಮುಗಿಯುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ. ಮಧ್ಯೆ ಚಹಾ ವಿರಾಮದಲ್ಲಿ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ. ರೆಕಾರ್ಡಿಂಗ್ ಮಟ್ಟ ಸರಾಸರಿ -18 ಡೆಸಿಬಲ್ ಹತ್ತಿರ ಇರಲಿ, ಎತ್ತರದ ಮಾತು -6 ದಾಟದಿರಲಿ. 24 ಬಿಟ್‌ನಲ್ಲಿ ಕಡಿಮೆ ಹಿಡಿದರೆ ಆಮೇಲೆ ಏರಿಸಬಹುದು. ಒಡೆದ ಸದ್ದನ್ನು ಸರಿ ಮಾಡಲು ಆಗುವುದಿಲ್ಲ.

ಹೊಳೆಬದಿ (ತೀರ್ಥಹಳ್ಳಿ) – ಮಂಗಳವಾರ, ಮಧ್ಯಾಹ್ನ 12.20

ತಮ್ಮಾ, ತಂಗಿಯ ಹಾಡು ಎಲ್ಲರಿಗೂ ಮರೆತೇಹೋಯಿತು. ನಾನು ಮನೆಯಲ್ಲಿ ಮಕ್ಕಳ ಕಥೆ, ಹಸೆಹಾಡು ರೆಕಾರ್ಡ್ ಮಾಡುತ್ತೇನೆ. ನನ್ನದೂ ನಿನ್ನಂಥದ್ದೇ ಸಣ್ಣ ಮಿಕ್ಸರು.

ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಬೇಕು, ಅಂದರೆ ಮೈಕಿನ ವಯರಿನಲ್ಲೇ ಮಿಕ್ಸರ್ ಕಳಿಸುವ ಕರೆಂಟು. ಅದು ಸಾಮಾನ್ಯವಾಗಿ ಎಲ್ಲ ಮೈಕ್ ತೂತಿಗೂ ಒಂದೇ ಸ್ವಿಚ್. ಮೈಕು ಸಿಗಿಸಿ, ಲೆವೆಲ್ ಇಳಿಸಿ, ಆಮೇಲೆ ಒತ್ತು. ಆರಿಸಿದ ಮೇಲೆ ಅರ್ಧ ನಿಮಿಷ ಬಿಟ್ಟು ವಯರ್ ಕೀಳು. ಎಕ್ಸ್‌ಎಲ್‌ಆರ್ ವಯರಿನ ಡೈನಾಮಿಕ್ ಮೈಕಿಗೆ ಅದರಿಂದ ಏನೂ ಆಗುವುದಿಲ್ಲ.

ನಿನಗೆ ಬರುವ ಮೊದಲ ತೊಂದರೆ ಹೇಳಲಾ? ತಂಗಿಗೆ ಅವಳ ಧ್ವನಿ ಎರಡೆರಡು ಸಲ ಕೇಳುತ್ತದೆ. ಒಂದು ಮಿಕ್ಸರಿನಿಂದ ನೇರ, ಇನ್ನೊಂದು ಲ್ಯಾಪ್‌ಟಾಪಿಗೆ ಹೋಗಿ ವಾಪಸ್ ಬಂದದ್ದು. ಬಫರ್ (ಲ್ಯಾಪ್‌ಟಾಪು ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು) 256 ಸ್ಯಾಂಪಲ್ ಇಟ್ಟರೂ 48 ಕಿಲೋಹರ್ಟ್ಸಿನಲ್ಲಿ ಒಂದು ದಾರಿಗೇ 5 ಮಿಲಿಸೆಕೆಂಡಿಗಿಂತ ಜಾಸ್ತಿ. ಹೋಗಿ ಬರುವುದು ಸೇರಿದರೆ ಇನ್ನೂ ಜಾಸ್ತಿ. ಅಡಾಸಿಟಿಯಲ್ಲಿ ರೆಕಾರ್ಡ್ ಆಗುತ್ತಿರುವುದನ್ನು ಕೇಳಿಸುವ ಆಯ್ಕೆ ಇದೆ, ಅದನ್ನು ತೆಗೆ. ಹೆಡ್‌ಫೋನನ್ನು ಮಿಕ್ಸರಿಗೇ ಹಾಕು. ಎರಡನೇ ತೊಂದರೆ, ಲ್ಯಾಪ್‌ಟಾಪಿನಿಂದ ತಂಬೂರಿ ಬಿಟ್ಟರೆ ಅದೂ ಮೇನಿಗೆ ಸೇರಿ ಹಾಡಿನ ಜೊತೆಯೇ ಅಚ್ಚಾಗುತ್ತದೆ. ವಾಪಸ್ ಬರುವ ಯುಎಸ್‌ಬಿಯನ್ನು ಹೆಡ್‌ಫೋನಿಗೆ ಮಾತ್ರ ಕಳಿಸುವ ಗುಂಡಿ ಇದೆಯಾ ನೋಡು. ಇಲ್ಲದಿದ್ದರೆ ಮೊಬೈಲಿನಲ್ಲಿ ತಂಬೂರಿ ಹಾಕಿ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಗಿಸಿಕೊಳ್ಳಲಿ. ನಾನು ಹಾಗೇ ಮಾಡುವುದು.

ಜಾಗಕ್ಕೆ ಅಟ್ಟ ಹತ್ತು. ನಮ್ಮ ಅಟ್ಟದಲ್ಲಿ ಅಡಿಕೆ ಮೂಟೆ ಎರಡು ಸಾಲು ಪೇರಿಸಿರುತ್ತಾರೆ. ಅವುಗಳ ನಡುವೆ ಕೂತು ಹಿಂದೆ ಕಂಬಳಿ ಇಳಿಬಿಟ್ಟರೆ ಸದ್ದು ಎಲ್ಲಿಯೂ ಬಡಿದು ವಾಪಸ್ ಬರುವುದಿಲ್ಲ. ಈ ಸಲ ರೇಟು ಬಂತು ಅಂತ ಮಾವ ಮಾರ್ಚಿನಲ್ಲೇ ಎಲ್ಲ ಮಾರಿಬಿಟ್ಟರು. ನನ್ನ ಸ್ಟುಡಿಯೋ ಖಾಲಿ! ಈಗ ಹಾಸಿಗೆ ಎತ್ತಿ ನಿಲ್ಲಿಸಿಕೊಂಡಿದ್ದೇನೆ.

ಮಳೆಗೆ ಮದ್ದಿಲ್ಲ. ಹಂಚಿನ ಮೇಲೆ ಆಷಾಢದ ಮಳೆ ಬೀಳುವಾಗ ರೆಕಾರ್ಡಿಂಗ್ ಮಾಡಬೇಡ. ಮಳೆ ಬಿಟ್ಟರೆ ಕಪ್ಪೆ. ಕಪ್ಪೆ ಬಿಟ್ಟರೆ ಜೀರುಂಡೆ. ಮೈಕಿನ ಬೆನ್ನನ್ನು ಕಿಟಕಿ ಕಡೆ ಮಾಡಿ ಬಾಯಿಗೆ ಒಂದು ಗೇಣು ಹತ್ತಿರ ಇಟ್ಟರೆ ಸ್ವಲ್ಪ ತಪ್ಪುತ್ತದೆ. ಇನ್ವರ್ಟರಿನಲ್ಲಿ ಕರೆಂಟು ಓಡುವಾಗಲೂ ಬೇಡ, ಬಹಳ ಇನ್ವರ್ಟರುಗಳ ಜುಂಯ್ ಸದ್ದು ಒಳಗೆ ಸೇರುತ್ತದೆ.

ಮೈಕನ್ನು ಹೊರಗೆ ಬಿಡಬೇಡ. ನಮ್ಮ ಹವೆಗೆ ಕಂಡೆನ್ಸರ್ ಚಟಪಟ ಅನ್ನಲು ಶುರುಮಾಡುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಸೋಲ್ಡರ್‌ಕಡ್ಡಿ – ಮಂಗಳವಾರ, ಮಧ್ಯಾಹ್ನ 1.05

ಮಿಕ್ಸರಿಗೂ ಅದೇ. ಒಳಗೆ ಇರುವೆ ಗೂಡು ಮಾಡಿದ್ದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ. ಗುಂಡಿ ತಿರುಗಿಸಿದಾಗ ಕರ ಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಒಬ್ಬರು ಕೊಬ್ಬರಿ ಎಣ್ಣೆ ಬಿಟ್ಟು ತಂದಿದ್ದರು. ಘಮ ಘಮ ಅನ್ನುತ್ತಿತ್ತು, ಕೆಲಸ ಮಾಡುತ್ತಿರಲಿಲ್ಲ.

ಮೈಕ್‌ಸೆಟ್22 – ಮಂಗಳವಾರ, ಸಂಜೆ 6.40

ಸ್ವಂತ ಸೆಟ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ಮುಚ್ಚಿದ ಸಭಾಂಗಣದ ಒಳಗಿನದ್ದು ಬೇರೆ. ಚಂದ್ರಶಾಲೆಗೆ ಗೋಡೆ ಇಲ್ಲದಿದ್ದರೆ ಅದು ಮುಚ್ಚಿದ ಜಾಗ ಅಲ್ಲ. ಬಾಡಿಗೆ ಸೆಟ್ಟಾಗಿದ್ದರೆ ನಾವು ನೋಡಿಕೊಳ್ಳುತ್ತಿದ್ದೆವು, ಈಗ ಅನುಮತಿ ನೀವೇ ಕೇಳಬೇಕು.

ಹಂಚಿನಮನೆ – ಎರಡು ವಾರದ ನಂತರ, ಭಾನುವಾರ, ಬೆಳಿಗ್ಗೆ 10.15

ನಿನ್ನೆ ಎರಡನೇ ಕೂಟ ಆಯ್ತು. ಮಧ್ಯಾಹ್ನ 3ಕ್ಕೆ ಶುರು ಮಾಡಿ 8ಕ್ಕೆ ಮುಗಿಸಿದೆವು.

ಬಾಕ್ಸಿನ ಸ್ವಿಚ್ ಲೈನಿಗೆ ತಳ್ಳಿದ ಕೂಡಲೇ ಸುಯ್ ಸತ್ತಿತು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಗುಂಯ್ ನಿಂತಿತು. ಒಂದೇ ಬೋರ್ಡಿಗೆ ಎಲ್ಲ ಹಾಕಿದ ಮೇಲೆ ಚಾರ್ಜರ್ ಹಾಕಿದರೂ ಬಹಳ ಸಣ್ಣದಾಗಿ ಮಾತ್ರ ಇತ್ತು. ಬಾಕ್ಸುಗಳನ್ನು ಎರಡು ಕಂಬದ ಆಚೆ ತಂದೆವು. ಗೇನ್ ಎಲ್ಲ ಸುಮಾರು ಒಂದು ಗಂಟೆಯ ಜಾಗಕ್ಕೆ ಬಂತು. ಅರ್ಥಕ್ಕೆ ಮೂರು ಮೈಕು. ಪದ್ಯದ ಹೊತ್ತಿನಲ್ಲಿ ನಾಲ್ಕು ಸಲ ಹೋಗಿ ಸ್ಟ್ಯಾಂಡ್ ತಳ್ಳಿ ಬಂದೆ. ಐದನೇ ಸಲ ಹಿರಿಯರೊಬ್ಬರು ನನ್ನನ್ನು ನೋಡಿ ತಾವೇ ಮುಂದಕ್ಕೆ ಬಾಗಿದರು. ಒಮ್ಮೆ ಮಾತ್ರ ಕೂಗಿತು, ಅದೂ ಯಾರೋ ಮೈಕನ್ನು ಎತ್ತಿ ಬಾಕ್ಸಿನ ಎದುರು ನಡೆದಾಗ.

ರೆಕಾರ್ಡರನ್ನು ಗೆಳೆಯನಿಂದ ತಂದಿದ್ದೆ. ಮಳೆ ಸೋರುವ ಜಾಗ ತಪ್ಪಿಸಿ ನಾಲ್ಕನೇ ಸಾಲಿನಲ್ಲಿ ಇಟ್ಟೆ. ಬೆಳಿಗ್ಗೆ ಎರಡನ್ನೂ ಚಪ್ಪಾಳೆಯ ಗುರುತಿಗೆ ಹೊಂದಿಸಿದೆ.   ಎಳೆದು ಕೂರಿಸಿ ಹಾಕಿದೆ. ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರು ಕೈ ನಿಲ್ಲಿಸಿ, "ಇದು ನಿನ್ನೆಯದಾ?" ಅಂದರು. ಚಂಡೆ ಊರಿಗೆ ವಾಪಸ್ ಬಂದಿದೆ.

ಒಂದೇ ಬೇಸರ. ಮಂಗಳ ಪದ್ಯಕ್ಕೆ ಮುಂಚೆ ರೆಕಾರ್ಡರಿನ ಬ್ಯಾಟರಿ ಮುಗಿದಿತ್ತು. ಕೊನೆಯ ಇಪ್ಪತ್ತು ನಿಮಿಷ ಮತ್ತೆ ಹಳೆಯ ಥರವೇ. ಕಲಾವಿದರನ್ನು ಕೇಳಿ ಒಪ್ಪಿದ ಮೇಲೆ ಒಂದು ತುಣುಕು ಇಲ್ಲಿ ಹಾಕುತ್ತೇನೆ. ತಂಗಿಯ ಹಾಡು ಇನ್ನೂ ಆಗಿಲ್ಲ, ಮಳೆ ಬಿಟ್ಟಿಲ್ಲ.

ಧೀಂಕಿಟ – ಭಾನುವಾರ, ಬೆಳಿಗ್ಗೆ 10.40

ಮದ್ದಳೆ ಕೇಳುತ್ತದಾ?

ಹಂಚಿನಮನೆ – ಭಾನುವಾರ, ಬೆಳಿಗ್ಗೆ 10.43

ಕೇಳುತ್ತದೆ. ಚಂಡೆ ಇಲ್ಲದಾಗ ಚೆನ್ನಾಗಿ ಕೇಳುತ್ತದೆ.

ಧೀಂಕಿಟ – ಭಾನುವಾರ, ಬೆಳಿಗ್ಗೆ 10.44

ಅದೇ ಹೇಳಿದ್ದು ನಾನು.

ಸೋಲ್ಡರ್‌ಕಡ್ಡಿ – ಭಾನುವಾರ, ಬೆಳಿಗ್ಗೆ 11.20

ಉಳಿದ ಆ ಸಣ್ಣ ಗುಂಯ್‌ಗೆ ನನ್ನ ಹಳೆಯ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಒಂದು ಸುಮ್ನೆ ಬಿದ್ದಿದೆ. ಮಿಕ್ಸರು ಬಾಕ್ಸಿನ ನಡುವೆ ಹಾಕಿ ನೋಡಿ. ನಾಳೆ ಬೆಳಿಗ್ಗೆ ಹೊಸನಗರದ ಬಸ್ಸಿನ ಕಂಡಕ್ಟರ್ ಹತ್ತಿರ ಕೊಡುತ್ತೇನೆ. ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ, ಗೋಣಿಚೀಲದಲ್ಲಿ ಸುತ್ತಿರುತ್ತದೆ.